ಫೋಟೋಗೆ 20 ರೂಪಾಯಿ

ನಮ್ಮ ಚಿಕ್ಕಪ್ಪನ ಚೆಂಡು ಹೂವಿನ ಹೊಲದ ಅಂಚಿನಲ್ಲಿ ಒಂದು ರಟ್ಟಿನ ಬೋರ್ಡು ಇತ್ತು. ಗೊಬ್ಬರದ ಚೀಲದ ದಾರದಿಂದ ಅದನ್ನು ಗೂಟಕ್ಕೆ ಬಿಗಿದಿದ್ದರು. ‘ಫೋಟೋಗೆ 20 ರೂಪಾಯಿ’ ಎಂದು ಕನ್ನಡದಲ್ಲೊಮ್ಮೆ, ಇಂಗ್ಲಿಷಿನಲ್ಲೊಮ್ಮೆ ಬರೆಸಿದ್ದರು. ಮಳೆಗಾಲದಲ್ಲಿ ಗುಂಡ್ಲುಪೇಟೆ ದಾಟಿ ಊಟಿಗೋ ವಯನಾಡಿಗೋ ಹೋದವರು ಹೆದ್ದಾರಿ ಪಕ್ಕ ಇಂಥ ಬೋರ್ಡುಗಳನ್ನು ನೋಡಿರುತ್ತೀರಿ.

ಎರಡು ವರ್ಷದ ಹಿಂದೆ ಬೆಂಗಳೂರಿನ ಗೆಳೆಯನೊಬ್ಬನನ್ನು ಆ ಹೊಲಕ್ಕೆ ಕರೆದುಕೊಂಡು ಹೋಗಿದ್ದೆ. ಅವನು ಆಗಷ್ಟೇ ಮೆಕ್ಸಿಕೋ ಸುತ್ತಿ ಬಂದಿದ್ದ. ಮೈಸೂರು ಬಿಟ್ಟಾಗಿನಿಂದ ಒಹಾಕಾ ಎಂಬ ಊರಿನದೇ ಮಾತು. ಹದಿನಾರನೇ ಶತಮಾನದಲ್ಲಿ ಸ್ಪೇನಿನವರು ಕಟ್ಟಿದ ನಗರ, ಗೆರೆ ಎಳೆದಂಥ ಬೀದಿಗಳು, ಹಸಿರು ಛಾಯೆಯ ಕಲ್ಲಿನ ಕಟ್ಟಡಗಳು, ಒಳಗೆಲ್ಲ ಚಿನ್ನದ ಲೇಪವಿರುವ ಸಾಂತೋ ದೊಮಿಂಗೋ ಚರ್ಚು. ಅವೆಲ್ಲಕ್ಕಿಂತ ಅವನನ್ನು ಹಿಡಿದಿಟ್ಟದ್ದು ಅಲ್ಲಿನ ಮಾರುಕಟ್ಟೆಯಂತೆ. ಒಣಮೆಣಸಿನಕಾಯಿಯ ರಾಶಿಗಳು, ಹುರಿದ ಮಿಡತೆ, ಹೂವಿನ ಕಟ್ಟು ಮುಂದಿಟ್ಟುಕೊಂಡು ನೆಲದ ಮೇಲೆ ಕೂತ ಅಜ್ಜಿಯರು. ಒಬ್ಬ ಅಜ್ಜಿಯ ಫೋಟೋ ತೆಗೆದಾಗ ಆಕೆ ಕೈ ಚಾಚಿದಳಂತೆ, ಇವನು ನಾಣ್ಯ ಕೊಟ್ಟನಂತೆ. ‘ಎಷ್ಟು ಘನತೆಯಿಂದ ತಗೊಂಡಳು ಗೊತ್ತಾ’ ಎಂದ.

ಅದೇ ಮನುಷ್ಯ ಚಿಕ್ಕಪ್ಪನ ಬೋರ್ಡು ಓದಿ ನಕ್ಕ. ‘ಏನಪ್ಪಾ ಇದು, ಹೂ ನೋಡೋಕೂ ಟಿಕೆಟ್ಟಾ? ನಿಮ್ಮೂರಿನವರೂ ಪಕ್ಕಾ ವ್ಯಾಪಾರಿಗಳಾಗಿಬಿಟ್ರು.’ ನಾನೂ ನಕ್ಕೆ. ಚಿಕ್ಕಪ್ಪ ಮುಜುಗರಪಟ್ಟು, ‘ಅಯ್ಯೋ, ನಮ್ ಹುಡುಗನ್ ಜೊತೇಲಿ ಬಂದೋರ್ತಾವ ಕಾಸು ಇಸ್ಕಂಡದಾ? ತಗಳಿ ಸಾರ್’ ಎಂದರು. ಗೆಳೆಯ ಸಾಲುಗಳ ನಡುವೆ ನಿಂತು ನಲವತ್ತು ಫೋಟೋ ತೆಗೆದ. ಚಿಕ್ಕಪ್ಪನ ಹೆಸರು ಕೇಳಲಿಲ್ಲ, ಹೂವಿನ ಬೆಲೆಯನ್ನೂ ಕೇಳಲಿಲ್ಲ. ಕಾರು ಹತ್ತುವಾಗ, ‘ಇದು ಬಿಟ್ರೆ ಇಲ್ಲಿ ನೋಡೋಕೆ ಇನ್ನೇನಿದೆ?’ ಎಂದ.

ನಾನು ‘ಏನಿಲ್ಲ’ ಎಂದೆ. ಆ ಮಾತನ್ನು ವಾಪಸ್ ತೆಗೆದುಕೊಳ್ಳಲು ಇದನ್ನು ಬರೆಯುತ್ತಿದ್ದೇನೆ.

ಮೊದಲು ಹೂವಿನ ವಿಷಯ. ನನ್ನ ಗೆಳೆಯ ಹದಿನಾರು ಸಾವಿರ ಕಿಲೋಮೀಟರಿಗೂ ಆಚೆ ನೋಡಿ ಬೆರಗಾದ ಹೂವೂ ಚಿಕ್ಕಪ್ಪನ ಹೊಲದ್ದೂ ಒಂದೇ. ಚೆಂಡು ಹೂವಿನ ತವರು ಮೆಕ್ಸಿಕೋ. ಅಲ್ಲಿ ಪ್ರತಿ ನವೆಂಬರ್ 1 ಮತ್ತು 2ರಂದು ಸತ್ತವರನ್ನು ನೆನೆಯುವ ಹಬ್ಬಕ್ಕೆ ಇದೇ ಹೂವನ್ನು ಗೋರಿಗಳ ಮೇಲೂ ಮನೆಯ ಪೂಜಾಪೀಠದ ಮೇಲೂ ಸುರಿಯುತ್ತಾರೆ. ನಾವು ಆಯುಧಪೂಜೆಗೆ ಟ್ರ್ಯಾಕ್ಟರಿಗೂ ಬಸ್ಸಿಗೂ ಹಾಕುತ್ತೇವೆ. ಹೂವೊಂದೇ ಅಲ್ಲ. ಗುಂಡ್ಲುಪೇಟೆಯ ಸಂತೆಗೆ ಹೋಗಿ ಚೀಲ ತುಂಬಿಸಿಕೊಂಡು ಬನ್ನಿ: ಟೊಮೆಟೊ, ಮೆಣಸಿನಕಾಯಿ, ಮುಸುಕಿನ ಜೋಳ, ಸೀಬೆ, ಪರಂಗಿ, ಆಲೂಗಡ್ಡೆ, ಕಡಲೆಕಾಯಿ. ಎಲ್ಲವೂ ಅಮೆರಿಕ ಖಂಡಗಳಿಂದ ವಸಾಹತುಗಾರರ ಹಡಗು ಹತ್ತಿ ಬಂದವು. ಬಂಡೀಪುರದ ಕಾಡಿನ ನೆಲವನ್ನು ನುಂಗುತ್ತಿರುವ ಲಂಟಾನವೂ ಆ ಕಡೆಯದೇ. ಸ್ಪೇನಿನವರೂ ಪೋರ್ಚುಗೀಸರೂ ಲೋಕ ಕೊಳ್ಳೆ ಹೊಡೆದ ಕತೆಯ ಒಂದು ಪುಟ ಒಹಾಕಾದಲ್ಲಿದ್ದರೆ ಇನ್ನೊಂದು ಪುಟ ನಮ್ಮ ಸಾರಿನ ಪಾತ್ರೆಯಲ್ಲಿದೆ. ಅದನ್ನು ಓದಲು ವೀಸಾ ಬೇಕಿಲ್ಲ.

ಒಹಾಕಾದ ಕತೆಯಲ್ಲಿ ಪ್ರವಾಸ ಕಥನಗಳು ಒಂದೆರಡು ಸಾಲಿನಲ್ಲಿ ದಾಟಿಬಿಡುವ ಭಾಗವೊಂದಿದೆ. ಆ ನಗರದ ಸಿರಿಯ ದೊಡ್ಡ ಪಾಲು ಒಂದು ಹುಳುವಿನದು. ಪಾಪಾಸುಕಳ್ಳಿಯ ಮೇಲೆ ಬದುಕುವ ಕೊಚಿನೀಲ್ ಎಂಬ ಪುಟ್ಟ ಕೀಟವನ್ನು ಅಲ್ಲಿನ ಮೂಲನಿವಾಸಿಗಳು ಒಂದೊಂದಾಗಿ ಕಳ್ಳಿಯಿಂದ ಬಿಡಿಸಿ ಒಣಗಿಸಿದರೆ ಕಡುಗೆಂಪು ಬಣ್ಣ ಸಿಗುತ್ತಿತ್ತು. ಒಂದು ಪೌಂಡ್ ಬಣ್ಣಕ್ಕೆ ಸುಮಾರು 70,000 ಹುಳು ಬೇಕು. ಸ್ಪೇನಿನ ಪಾಲಿಗೆ ಅಲ್ಲಿಂದ ಬರುತ್ತಿದ್ದ ಸರಕುಗಳಲ್ಲಿ ಬೆಳ್ಳಿ ಬಿಟ್ಟರೆ ಇದೇ ದೊಡ್ಡದು. ಯೂರೋಪಿನ ರಾಜರ, ಪಾದ್ರಿಗಳ ನಿಲುವಂಗಿಗಳು, ಬ್ರಿಟಿಷ್ ಸೇನಾಧಿಕಾರಿಗಳ ಕೆಂಪು ಕೋಟು ಎಲ್ಲವೂ ಈ ಹುಳುವಿನಿಂದ ಕೆಂಪಾದವು. ಹುಳು ಬಿಡಿಸಿದವರ ಬೆರಳಿಗೆ ಅಂಟಿದ್ದು ಬಣ್ಣ ಮಾತ್ರ.

ಈಗ ಗುಂಡ್ಲುಪೇಟೆಗೆ ಬನ್ನಿ. ಹೆದ್ದಾರಿ ಪಕ್ಕದ ಆ ಹಳದಿ, ಕಿತ್ತಳೆ ಹೊಲಗಳೆಲ್ಲ ದೇವರ ಪೂಜೆಗಲ್ಲ. ಓಣಂ ಹೊತ್ತಿಗೆ ಒಂದಷ್ಟು ಹೂ ಕೇರಳದ ಅಂಗಳಗಳಿಗೆ ಹೋಗುತ್ತದೆ, ನಿಜ. ಬಹುಪಾಲು ಹೋಗುವುದು ಬಣ್ಣ ತೆಗೆಯುವ ಕಾರ್ಖಾನೆಗಳಿಗೆ. ಮುಂಗಾರಿಗೆ ಮುಂಚೆಯೇ ಕಂಪನಿ ಕಡೆಯವರು ಬಂದು ಬೀಜ ಕೊಡುತ್ತಾರೆ, ಬೆಲೆ ಮಾತಾಡುತ್ತಾರೆ. ಸಸಿ ನೆಟ್ಟು ಎರಡು ತಿಂಗಳಿಗೆಲ್ಲ ಹೂ. ಬೆಳಗಿನ ಇಬ್ಬನಿಯಲ್ಲಿ ಹೆಂಗಸರು ಸಾಲು ಹಿಡಿದು ಬಿಡಿಸುತ್ತಾರೆ, ಚೀಲಕ್ಕೆ ತುಂಬುತ್ತಾರೆ, ತೂಕ, ಲಾರಿ. ಕಾರ್ಖಾನೆಯಲ್ಲಿ ಹೂ ಒಣಗಿಸಿ ಅರೆದು ಅದರ ಬಣ್ಣದ ಸಾರವನ್ನು ಹಿಂಡುತ್ತಾರೆ. ಅದು ಕೋಳಿಯ ಆಹಾರ ಸೇರುತ್ತದೆ, ಮೊಟ್ಟೆಯ ಹಳದಿ ಇನ್ನಷ್ಟು ಹಳದಿಯಾಗಲಿ ಎಂದು. ಕಣ್ಣಿಗೆ ಒಳ್ಳೆಯದೆಂದು ಮಾರುವ ಮಾತ್ರೆಗೂ ಸೇರುತ್ತದೆ. ಒಹಾಕಾದ ಹುಳುವಿನ ಕತೆಗೂ ಇದಕ್ಕೂ ಎಷ್ಟು ದೂರ? ಒಂದೇ ವ್ಯತ್ಯಾಸ. ಬಣ್ಣ ಅಲ್ಲಿಂದ ಹೋದರೂ ಊರಿನಲ್ಲಿ ಚಿನ್ನದ ಚರ್ಚಾದರೂ ಉಳಿಯಿತು, 1987ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೂ ಸೇರಿತು. ನಮ್ಮಲ್ಲಿ ಉಳಿದದ್ದು ರಟ್ಟಿನ ಬೋರ್ಡು.

ನನ್ನ ಗೆಳೆಯ ಬಂದ ವರ್ಷ ಚಿಕ್ಕಪ್ಪನಿಗೆ ಸಿಕ್ಕಿದ್ದು ಕಿಲೋ ಹೂವಿಗೆ 6 ರೂಪಾಯಿ. ಬಿಡಿಸುವ ಕೂಲಿ ಅದರಲ್ಲೇ ಹೋಗಬೇಕು. ಲೆಕ್ಕ ಹಾಕಿ: ಮೂರು ಕಿಲೋ ಹೂವಿಗಿಂತ ಒಂದು ಫೋಟೋಗೆ ಹೆಚ್ಚು ಬೆಲೆ. ಬೆಳೆ ಬೆಳೆಯುವುದಕ್ಕಿಂತ ಬೆಳೆಯ ಚಿತ್ರ ಮಾರುವುದೇ ಲಾಭ ಎಂಬ ಸ್ಥಿತಿಗೆ ಒಬ್ಬ ರೈತ ಬಂದಿದ್ದರೆ ಅದರಲ್ಲಿ ನಗುವಂಥದ್ದು ಏನಿದೆ? ನಾಚಿಕೆಪಡಬೇಕಾದವರು ಬೋರ್ಡು ಹಾಕಿದವರಲ್ಲ. ಅದನ್ನು ಓದಿ ನಕ್ಕ ನಾವು.

ಬೋರ್ಡು ಬರುವ ಮುಂಚೆ ಏನಾಗಿತ್ತು ಎಂಬುದನ್ನೂ ಹೇಳಬೇಕು. ಕಾರುಗಳು ನಿಲ್ಲುತ್ತಿದ್ದವು. ಜನ ಸಾಲಿನೊಳಗೆ ನುಗ್ಗುತ್ತಿದ್ದರು, ಮಕ್ಕಳನ್ನು ಗಿಡದ ಮೇಲೆ ಕೂರಿಸುತ್ತಿದ್ದರು, ಬೊಗಸೆ ತುಂಬ ಕಿತ್ತು ಮೇಲಕ್ಕೆ ಎಸೆದು ವಿಡಿಯೋ ಮಾಡುತ್ತಿದ್ದರು. ‘ಬುಡು, ನೋಡ್ಕಂಡು ಹೋಗ್ಲಿ ಅಂತ ಸುಮ್ಕಿದ್ದಿ ಕನಪ್ಪ’ ಎನ್ನುತ್ತಾರೆ ಚಿಕ್ಕಪ್ಪ, ‘ಒಂದು ದಿನ ಎರಡು ಸಾಲು ಪೂರಾ ಮಲಗ್ಬುಟ್ಟಿತ್ತು.’ 20 ರೂಪಾಯಿ ಎಂಬುದು ನೋಟಕ್ಕೆ ಹಾಕಿದ ಟಿಕೆಟ್ಟಲ್ಲ, ತುಳಿದಿದ್ದಕ್ಕೆ ಕಟ್ಟಿಸಿಕೊಂಡ ದಂಡ.

ಇಲ್ಲಿ ಕೇರಳದವರನ್ನು ಬೈಯುವುದು ನಮ್ಮವರಿಗೆ ಸುಲಭ. ನಾನು ಬೈಯುವುದಿಲ್ಲ. ಓಣಂಗೆ ಮುಂಚೆ ಬರುವ ಆ ಕುಟುಂಬಗಳಿಗೆ ಗುಂಡ್ಲುಪೇಟೆ ಎಂಬ ಊರು ಇದೆ ಎಂಬುದಾದರೂ ಗೊತ್ತು. ವಾಪಸ್ ಹೋಗುವಾಗ ತರಕಾರಿ ಕೊಳ್ಳುತ್ತಾರೆ, ಬಾಳೆಗೊನೆ ಕಟ್ಟಿಸಿಕೊಳ್ಳುತ್ತಾರೆ. ಬೆಂಗಳೂರು, ಮೈಸೂರಿನ ನಮಗೆ ಈ ಊರು ಕಾಫಿಗೆ ನಿಲ್ಲುವ ತಾಣ, ರಾತ್ರಿ 9ಕ್ಕೆ ಬಂಡೀಪುರದ ರಸ್ತೆ ಮುಚ್ಚುವುದರೊಳಗೆ ದಾಟಬೇಕಾದ ತಾಪತ್ರಯ. ಇನ್ನು ಜಿಲ್ಲಾಕೇಂದ್ರದ ಕತೆ ಕೇಳುವುದೇ ಬೇಡ. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆ ಎಂಬ ನಂಬಿಕೆಗೆ ಹೆದರಿ ಆ ಕಡೆ ತಲೆ ಹಾಕದವರು ಇದ್ದರು. ಸಿದ್ದರಾಮಯ್ಯ 2013ರಲ್ಲಿ ಬಂದರು, ಮತ್ತೆ ಮತ್ತೆ ಬಂದರು, ಐದು ವರ್ಷ ಪೂರೈಸಿದರು. ಮುಖ್ಯಮಂತ್ರಿಗಳ ಹೆದರಿಕೆ ಹೋಗಿರಬಹುದು. ನಮ್ಮ ಬರಹಗಾರರ ಅಸಡ್ಡೆ ಹೋಗಿಲ್ಲ.

ನೋಡೋಕೆ ಏನಿದೆ ಅಂದಿರಲ್ಲ, ಹೇಳುತ್ತೇನೆ. ಪೇಟೆಯಲ್ಲಿ ವಿಜಯನಾರಾಯಣನ ಗುಡಿಯಿದೆ, ಕೆಲವರ ಎಣಿಕೆಯಲ್ಲಿ ಪಂಚನಾರಾಯಣ ಕ್ಷೇತ್ರಗಳಲ್ಲೊಂದು. ಚಿಕ್ಕದೇವರಾಜ ಒಡೆಯರು ತಂದೆಯ ನೆನಪಿಗೆ ಕಟ್ಟಿಸಿದ ಪರವಾಸುದೇವನ ಗುಡಿಯಿದೆ. ಅಪ್ಪನಿಗಾಗಿ ಮಗ ಕಟ್ಟಿದ ಗುಡಿ ಎಂದರೆ ಚಾಮರಾಜನಗರದ ಚಾಮರಾಜೇಶ್ವರನೂ ಅಂಥದ್ದೇ. ಅರಿಕುಠಾರವೆಂಬ ಊರಿನಲ್ಲಿ ಹುಟ್ಟಿದ ತಂದೆಯ ಹೆಸರನ್ನು ಮುಮ್ಮಡಿ ಕೃಷ್ಣರಾಜ ಒಡೆಯರು ಆ ಊರಿಗೇ ಇಟ್ಟು, 1826ರಲ್ಲಿ ಗುಡಿ ಕಟ್ಟಿಸಿದರು. ಇನ್ನೂ ಹಳೆಯದು ಬೇಕೆಂದರೆ ಅದೇ ತಾಲ್ಲೂಕಿನ ನರಸಮಂಗಲಕ್ಕೆ ಹೋಗಿ. ಗಂಗರ ಕಾಲದ ರಾಮೇಶ್ವರ ಗುಡಿಯ ಇಟ್ಟಿಗೆಯ ಶಿಖರವೂ ಅದರ ಮೇಲಿನ ಗಾರೆಯ ಮೂರ್ತಿಗಳೂ ಸಾವಿರ ವರ್ಷದ ಮಳೆಗೆ ಕರಗದೆ ನಿಂತಿವೆ.

ಇಷ್ಟೂ ಇದ್ದೂ, ನನ್ನನ್ನು ಕೇಳಿದರೆ ಮೊದಲು ತೆರಕಣಾಂಬಿಗೆ ಕರೆದುಕೊಂಡು ಹೋಗುತ್ತೇನೆ. ಗುಂಡ್ಲುಪೇಟೆಯಿಂದ ಚಾಮರಾಜನಗರದ ದಾರಿಯಲ್ಲಿದೆ. ಒಂದು ಕಾಲಕ್ಕೆ ಕೋಟೆ ಕೊತ್ತಲಗಳ ರಾಜಧಾನಿ, ಈಗ ತರಕಾರಿಯ ರಾಜಧಾನಿ. ಹೊತ್ತಿಗೆ ಸರಿಯಾಗಿ ಹೋದರೆ ಬೀಟ್‌ರೂಟು, ಕೋಸು, ಸಾಂಬಾರು ಈರುಳ್ಳಿ, ಬೀನ್ಸು ಗೂಡ್ಸ್ ಆಟೋಗಳಲ್ಲಿ ಬಂದು ಇಳಿಯುತ್ತಿರುತ್ತವೆ. ಹರಾಜು ಕೂಗುವಾಗ ಕನ್ನಡ, ತಮಿಳು, ಮಲಯಾಳಂ ಮೂರೂ ಒಂದೇ ಬಾಯಲ್ಲಿ ಬರುತ್ತವೆ. ರೈತ ಪಕ್ಕದಲ್ಲಿ ಮಾತಿಲ್ಲದೆ ನಿಂತಿರುತ್ತಾನೆ. ಮೂರು ತಿಂಗಳ ಬೆಳೆಯ ಭವಿಷ್ಯ ಅರ್ಧ ನಿಮಿಷದಲ್ಲಿ ತೀರ್ಮಾನವಾಗುತ್ತದೆ. ಆಗ ಅವನ ಮುಖ ನೋಡಿದವರಿಗೆ ಈ ನಾಡಿನ ಬಗ್ಗೆ ಯಾವ ಶಾಸನವೂ ಹೇಳದ ಸಂಗತಿಯೊಂದು ಗೊತ್ತಾಗುತ್ತದೆ. ಗುಡಿ ನೋಡಲು ಬಂದವರಿಗೂ ಇದು ಬೇಕು. ಗುಡಿಗಳನ್ನು ಕಟ್ಟಿದ್ದು ರಾಜರ ಭಕ್ತಿಯೊಂದೇ ಅಲ್ಲ, ಇಂಥ ಸಂತೆಗಳಿಂದ ಎತ್ತಿದ ಸುಂಕವೂ ಹೌದು.

ನನ್ನ ಜಗಳ ಇರುವುದು ಇಲ್ಲಿಯೇ. ನಮ್ಮ ಪ್ರವಾಸ ಕಥನಗಳಲ್ಲಿ ಪರದೇಶದ ಸಂತೆ ‘ಸಂಸ್ಕೃತಿ’, ನಮ್ಮೂರಿನದು ‘ಗಲೀಜು’. ಅಲ್ಲಿ ಕೈ ಚಾಚಿದ ಅಜ್ಜಿಗೆ ‘ಘನತೆ’, ಇಲ್ಲಿ ಬೋರ್ಡು ಹಾಕಿದ ಚಿಕ್ಕಪ್ಪನಿಗೆ ‘ದುರಾಸೆ’. ಅಲ್ಲಿಯದನ್ನು ಬರೆಯುವಾಗಲೂ ಬಣ್ಣ, ವಾಸನೆ, ನಗು ಬರುತ್ತವೆ, ಬೆಲೆ ಬರುವುದಿಲ್ಲ. ಆ ಒಹಾಕಾದ ಅಜ್ಜಿ ಎಷ್ಟು ಹೊತ್ತಿಗೆ ಎದ್ದಿದ್ದಳು, ಹೂ ಅವಳ ಹೊಲದ್ದೋ ಸಾಲ ತಂದು ಕೊಂಡದ್ದೋ ಎಂದು ನನ್ನ ಗೆಳೆಯ ಅಲ್ಲೂ ಕೇಳಿರಲಿಲ್ಲ. ಅಂದರೆ ಅವನು ನಮ್ಮೂರನ್ನು ಮಾತ್ರವಲ್ಲ, ಒಹಾಕಾವನ್ನೂ ನೋಡಿಲ್ಲ.

‘ಹಾಗಾದರೆ ಗುಂಡ್ಲುಪೇಟೆಯನ್ನೂ ಊಟಿ ಮಾಡಬೇಕಾ?’ ಎಂದು ಕೇಳುವವರಿದ್ದಾರೆ. ಖಂಡಿತ ಬೇಡ. ಗೋಪಾಲಸ್ವಾಮಿ ಬೆಟ್ಟಕ್ಕೆ ಖಾಸಗಿ ವಾಹನ ನಿಲ್ಲಿಸಿ ಬಸ್ಸು ಬಿಟ್ಟ ಮೇಲೆ ಬೆಟ್ಟ ಒಂದಿಷ್ಟು ಉಸಿರಾಡಿದ್ದನ್ನು ಕಂಡವನು ನಾನು. ಹೆಚ್ಚು ಜನ ಬರಲಿ ಎಂಬುದಲ್ಲ ನನ್ನ ಬೇಡಿಕೆ. ಹೇಗೂ ದಾಟಿ ಹೋಗುವವರು ಕಣ್ಣು ಬಿಟ್ಟು ದಾಟಲಿ. ‘ಬರಹ ಓದಿದರೆ ಹೂವಿನ ಬೆಲೆ ಏರುತ್ತದಾ?’ ಎಂಬುದು ಇನ್ನೊಂದು ಪ್ರಶ್ನೆ. ಏರುವುದಿಲ್ಲ. ಆದರೆ ಕಿಲೋಗೆ 6 ರೂಪಾಯಿ ಎಂಬುದು ಯಾರಿಗೂ ಗೊತ್ತಿಲ್ಲದಿರುವ ತನಕ ಅದು 6 ರೂಪಾಯಿಯೇ ಆಗಿರುತ್ತದೆ.

ಈ ಪತ್ರಿಕೆ ಓದುವ ವಿದ್ಯಾರ್ಥಿಗಳಿಗೆ ಒಂದು ಮಾತು. ನಾಳೆ ನೀವೂ ಪ್ರವಾಸ ಬರೆಯುತ್ತೀರಿ. ಹಂಪಿಯೋ ಒಹಾಕಾವೋ, ಯಾವ ಊರಾದರೂ ಸರಿ, ಮೂರು ಪ್ರಶ್ನೆ ಕೇಳದೆ ಬರೆಯಬೇಡಿ. ಇದರ ಬೆಲೆ ಎಷ್ಟು? ಅದರಲ್ಲಿ ನಿಮಗೆ ಸಿಗುವುದೆಷ್ಟು? ಇದು ಇಲ್ಲಿಂದ ಎಲ್ಲಿಗೆ ಹೋಗುತ್ತದೆ? ಉತ್ತರ ಬರೆದುಕೊಂಡ ಮೇಲೆ ಬೇಕಾದಷ್ಟು ಬಣ್ಣ ತುಂಬಿ.

ಇದನ್ನೆಲ್ಲ ಹೇಳುವ ನಾನೇನೂ ಸಾಚಾ ಅಲ್ಲ. ಮೈಸೂರಿನ ಹಾಸ್ಟೆಲಿನಲ್ಲಿದ್ದ ಕಾಲದಲ್ಲಿ ಯಾರಾದರೂ ಊರು ಕೇಳಿದರೆ ‘ಇಲ್ಲೇ, ಮೈಸೂರ ಕಡೆ’ ಎನ್ನುತ್ತಿದ್ದೆ. ‘ಏನಿಲ್ಲ’ ಎಂಬ ಮಾತನ್ನು ಕಲಿತದ್ದು ಆಗಲೇ.

ಕಳೆದ ಮಳೆಗಾಲ ಊರಿಗೆ ಹೋದಾಗ ಬೋರ್ಡು ಇರಲಿಲ್ಲ. ಬೆಲೆ ಗಿಟ್ಟಲಿಲ್ಲವೆಂದು ಚಿಕ್ಕಪ್ಪ ಹೂ ಬಿಟ್ಟು ಸಾಂಬಾರು ಈರುಳ್ಳಿ ಹಾಕಿದ್ದರು. ನಾವಿಬ್ಬರೂ ಬದುವಿನ ಮೇಲೆ ಕೂತಿದ್ದಾಗ ಒಂದು ಕಾರು ನಿಂತಿತು. ಗಾಜು ಇಳಿಯಿತು. ಒಳಗಿದ್ದವರು ಹೊಲವನ್ನು ಆ ಕಡೆಯಿಂದ ಈ ಕಡೆಗೆ ಒಮ್ಮೆ ನೋಡಿದರು. ಮತ್ತೆ ಗಾಜು ಏರಿತು, ಕಾರು ಹೊರಟಿತು.

‘ಈರುಳ್ಳಿ ಫೋಟೋವ ಯಾರೂ ತಗಿಯಲ್ಲ ಕನಪ್ಪ’ ಎಂದರು ಚಿಕ್ಕಪ್ಪ.

ನಾನು ಕೇಳಿದೆ: ‘ಈರುಳ್ಳಿಗೆ ಎಷ್ಟೈತೆ ಚಿಕ್ಕಪ್ಪ ಈಗ?’

ಅವರು ನನ್ನ ಕಡೆ ತಿರುಗಿ ಕೂತು ಹೇಳತೊಡಗಿದರು. ಕತ್ತಲಾಗುವ ತನಕ ಹೇಳಿದರು.