ಮರಳುವ ಸೀಸೆ

ಮೊನ್ನೆ ತರಗತಿಯಲ್ಲಿ ‘ಮರಳು’ ಎಂಬ ಶಬ್ದವನ್ನು ವಿವರಿಸುತ್ತಿದ್ದೆ. ನಾಮಪದವಾದಾಗ ಅದು ಹೊಳೆದಂಡೆಯ ಉಸುಕು, ಕ್ರಿಯಾಪದವಾದಾಗ ಹಿಂದಿರುಗುವುದು. ಎರಡರ್ಥವೂ ಸಲ್ಲುವ ಉದಾಹರಣೆಯೊಂದನ್ನು ಹುಡುಕುತ್ತಿದ್ದಾಗ, ಕಿಟಕಿಯ ಕಟ್ಟೆಯ ಮೇಲೆ ಯಾರೋ ಕುಡಿದು ಬಿಟ್ಟಿದ್ದ ತಂಪು ಪಾನೀಯದ ಪ್ಲಾಸ್ಟಿಕ್ ಸೀಸೆ ಕಣ್ಣಿಗೆ ಬಿತ್ತು. ಅದನ್ನು ಕಂಡು ನನಗೆ ನೆನಪಾದುದು ಬಾಲ್ಯದ ಗೋಲಿ ಸೋಡಾ. ಅದರ ಗಾಜು ಹುಟ್ಟಿದ್ದು ಮರಳಿನಿಂದ. ಕುಡಿದು ಮುಗಿದೊಡನೆ ತಪ್ಪದೆ ಅಂಗಡಿಗೆ ಮರಳುತ್ತಿದ್ದುದೂ ಅದೇ.

ನಮ್ಮೂರ ತೇರಿನ ದಿನ ಸೋಡಾದವನ ಕೈಗಾಡಿಯ ಸುತ್ತ ಹುಡುಗರ ದಂಡೇ ನೆರೆಯುತ್ತಿತ್ತು. ಅವನ ಕಣ್ಣು ಹಣದ ಪೆಟ್ಟಿಗೆಗಿಂತ ಹೆಚ್ಚಾಗಿ ನಮ್ಮ ಕೈಯಲ್ಲಿದ್ದ ಸೀಸೆಯ ಮೇಲೆಯೇ ಇರುತ್ತಿತ್ತು. “ಸೋಡಾ ನಿಂದು, ಬಾಟ್ಲಿ ನಂದು ಕಣೋ ಮರಿ; ಕುಡಿದು ಇಲ್ಲೇ ಇಟ್ಟು ಹೋಗು” ಎನ್ನುತ್ತಿದ್ದ. ಅವನ ಎಚ್ಚರಕ್ಕೆ ಕಾರಣವಿತ್ತು. ಒಳಗಿನ ಗೋಲಿಯ ಆಸೆಗೆ ಸೀಸೆಯನ್ನೇ ಒಡೆಯುವ ಮಹಾಶಯರು ನಮ್ಮಲ್ಲಿದ್ದರು.

ಆ ಸೀಸೆಯನ್ನು ಕಲ್ಪಿಸಿ 1872ರಲ್ಲಿ ಹಕ್ಕುಪತ್ರ ಪಡೆದವನು ಇಂಗ್ಲೆಂಡಿನ ಹೈರಮ್ ಕಾಡ್. ಕೊರಳಿನಲ್ಲಿ ಒಂದು ರಬ್ಬರಿನ ಬಳೆ, ಒಳಗೊಂದು ಗಾಜಿನ ಗೋಲಿ. ನೀರನ್ನೂ ಇಂಗಾಲಾಮ್ಲ ವಾಯುವನ್ನೂ ತುಂಬಿ ಸೀಸೆಯನ್ನು ತಲೆಕೆಳಗಾಗಿಸಿದರೆ ಗೋಲಿ ಜಾರಿ ಬಳೆಯ ಮೇಲೆ ಕೂರುತ್ತದೆ; ಬಳಿಕ ವಾಯುವಿನ ಒತ್ತಡವೇ ಅದನ್ನು ಅದುಮಿ ಹಿಡಿಯುತ್ತದೆ. ಹೊರಗೆ ಹೋಗಲು ಹವಣಿಸುವ ವಾಯುವೇ ತನ್ನ ಬಾಗಿಲನ್ನು ತಾನೇ ಮುಚ್ಚಿಕೊಳ್ಳುವ ಈ ಉಪಾಯವನ್ನು ನಾನು ಇಂದಿಗೂ ಮೆಚ್ಚುತ್ತೇನೆ. 1892ರಲ್ಲಿ ಅಮೆರಿಕದ ವಿಲಿಯಂ ಪೇಂಟರ್ ಅಂಚಿಗೆ ನೆರಿಗೆಯಿರುವ ತಗಡಿನ ಮುಚ್ಚಳವನ್ನು ತಂದನು. ಮುಚ್ಚಳ ಎಸೆಯುವ ವಸ್ತುವಾಯಿತು; ಸೀಸೆ ಮಾತ್ರ ಮರಳುತ್ತಲೇ ಇತ್ತು.

ಈ ಮರಳುವಿಕೆಯ ಮೇಲೆಯೇ ಆ ವ್ಯಾಪಾರದ ವ್ಯವಸ್ಥೆ ನಿಂತಿತ್ತು. 1899ರಲ್ಲಿ ಚಟನೂಗ ಪಟ್ಟಣದ ಇಬ್ಬರು ವಕೀಲರು ಕೋಕಾ-ಕೋಲಾವನ್ನು ಸೀಸೆಗೆ ತುಂಬುವ ಹಕ್ಕನ್ನು ಒಂದು ಡಾಲರಿಗೆ ಪಡೆದರು. ಸಾರವನ್ನು ಮೂಲ ಸಂಸ್ಥೆ ಕಳುಹಿಸುವುದು, ನೀರು ಬೆರೆಸಿ ವಾಯು ತುಂಬುವ ಕೆಲಸ ಆಯಾ ಊರಿನವರದು ಎಂಬ ಪದ್ಧತಿ ಹೀಗೆ ಬೆಳೆಯಿತು. ಇದರ ಹಿಂದಿನ ಲೆಕ್ಕ ಸರಳ. ನೀರೂ ಭಾರ, ಗಾಜೂ ಭಾರ. ದೂರ ಸಾಗಿಸಿದರೆ ಲಾಭ ದಾರಿಯಲ್ಲೇ ಕರಗುತ್ತದೆ. ಕಾರ್ಖಾನೆ ಹತ್ತಿರವಿದ್ದುದರಿಂದ ತುಂಬಿದ ಪೆಟ್ಟಿಗೆಗಳನ್ನು ಇಳಿಸಿದ ಬಂಡಿಯೇ ಬರಿಯ ಸೀಸೆಗಳನ್ನು ಹೊತ್ತು ಹಿಂದಿರುಗುತ್ತಿತ್ತು. ಅಲ್ಲಿ ಅವನ್ನು ಬಿಸಿಯಾದ ಕಾಸ್ಟಿಕ್ ಸೋಡಾದ ನೀರಿನಲ್ಲಿ ತೊಳೆದು, ಬೆಳಕಿಗೆ ಹಿಡಿದು ಪರೀಕ್ಷಿಸಿ, ಮತ್ತೆ ತುಂಬುತ್ತಿದ್ದರು. ಅಂಗಡಿಯವನು ಕಾರ್ಖಾನೆಗೆ ಠೇವಣಿ ಕಟ್ಟುತ್ತಿದ್ದ. ನಾವು ಅಂಗಡಿಯವನಿಗೆ ಕಟ್ಟುತ್ತಿದ್ದೆವು. ಹೀಗೆ ಪ್ರತಿಯೊಬ್ಬನೂ ಮುಂದಿನವನಿಗೆ ಉತ್ತರ ಹೇಳಬೇಕಾಗಿತ್ತು.

1973ರಲ್ಲಿ ನಥಾನಿಯಲ್ ವೈಯತ್ ಎಂಬಾತ, ವಾಯುವಿನ ಒತ್ತಡವನ್ನು ತಾಳಬಲ್ಲ ಪ್ಲಾಸ್ಟಿಕ್ ಸೀಸೆಗೆ ಹಕ್ಕುಪತ್ರ ಪಡೆದನು. ಅದರ ಗುಣಗಳನ್ನು ನಾನು ಅಲ್ಲಗಳೆಯಲಾರೆ. ಅದು ಹಗುರ, ಒಡೆಯದು, ತೊಳೆಯಲು ನೀರು ಬೇಡ. ಹಳೆಯ ಸೋಡಾ ಸೀಸೆಗಳೆಲ್ಲವೂ ನಿರ್ಮಲವಾಗಿದ್ದುವೆಂದು ಪ್ರಮಾಣ ಮಾಡುವ ಧೈರ್ಯವೂ ನನಗಿಲ್ಲ. ಆದರೆ ಈ ಹೊಸ ಸೀಸೆಯೊಂದಿಗೆ ಬಂಡಿಯ ಹಿಂಪಯಣ ನಿಂತುಹೋಯಿತು. ಕಾರ್ಖಾನೆಯವನಿಗೆ ಸೀಸೆ ತನ್ನದಲ್ಲ, ಅಂಗಡಿಯವನಿಗೂ ತನ್ನದಲ್ಲ, ಕುಡಿದವನಿಗಂತೂ ಕೊನೆಯ ಗುಟುಕಿನವರೆಗೆ ಮಾತ್ರ ತನ್ನದು.

ಹಾಗೆಂದು ಈಗ ಯಾವ ಸೀಸೆಯೂ ಮರಳುವುದಿಲ್ಲವೆಂದಲ್ಲ. ಬೆಳಗಿನ ಜಾವ ಗೋಣಿಚೀಲ ಹೊತ್ತು ಚರಂಡಿಯ ಅಂಚಿನಲ್ಲಿ ಆಯುವವರು ಅವನ್ನು ಹೆಕ್ಕಿ ಗುಜರಿಗೆ ಮುಟ್ಟಿಸುತ್ತಾರೆ. ಅವು ಪುಡಿಯಾಗಿ, ಕರಗಿ, ನೂಲಾಗುವುದೂ ಉಂಟು. ಆದರೆ ಕುಡಿದವರು ನಾವು, ಮಾರಿದವರು ಇನ್ನೊಬ್ಬರು. ಬಗ್ಗಿ ಹೆಕ್ಕುವವರು ಮಾತ್ರ ಊರಿನ ಕಡುಬಡವರು. ನನ್ನ ಆಕ್ಷೇಪವಿರುವುದು ಇಲ್ಲಿ. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು ಉತ್ಪಾದಕರ ಮೇಲೆ ಹೊಣೆ ಹೊರಿಸಿವೆಯಾದರೂ, ನಮ್ಮ ಬೀದಿಯ ಅಂಗಡಿಯಲ್ಲಿ ಅದರ ಸುಳಿವು ನನಗೆ ಕಂಡಿಲ್ಲ.

ಗೋಲಿ ಸೋಡಾದ ಕಾಲಕ್ಕೆ ಹಿಂದಿರುಗೋಣವೆಂದು ನಾನು ಹೇಳುತ್ತಿಲ್ಲ. ಠೇವಣಿಗೆ ಹಿಂದಿರುಗೋಣ ಎನ್ನುತ್ತೇನೆ. ಸೀಸೆ ಗಾಜಿನದಾಗಲಿ, ಪ್ಲಾಸ್ಟಿಕಿನದಾಗಲಿ, ಅದರ ಮೇಲೊಂದು ನಾಣ್ಯವಿರಲಿ. ಸೀಸೆ ಮರಳಿದಾಗ ನಾಣ್ಯವೂ ಮರಳಲಿ. ಜರ್ಮನಿಯಲ್ಲಿ ಎಸೆಯುವ ಸೀಸೆಗಳಿಗೂ 2003ರಿಂದ ಠೇವಣಿಯುಂಟು. ಅಷ್ಟು ದೂರವೇಕೆ? ನಮ್ಮ ನೆರೆಯ ನೀಲಗಿರಿಯಲ್ಲಿ 2022ರಲ್ಲಿ ಮದ್ಯದ ಸೀಸೆಗೆ 10 ರೂಪಾಯಿಯ ಠೇವಣಿ ಜಾರಿಗೆ ಬಂದಿತು. ಮದ್ಯದ ಸೀಸೆಗೆ ಸಲ್ಲುವ ಶಿಸ್ತು ಮಕ್ಕಳು ಕುಡಿಯುವ ಪಾನೀಯದ ಸೀಸೆಗೆ ಸಲ್ಲದೆ?

ಅಂದು ಗಂಟೆ ಬಾರಿಸಿದ ಮೇಲೆ ವಿದ್ಯಾರ್ಥಿಗಳೆಲ್ಲ ಎದ್ದುಹೋದರು. ಸೀಸೆ ಕಿಟಕಿಯ ಮೇಲೆಯೇ ಇತ್ತು. ಅದಕ್ಕೆ ಹತ್ತು ರೂಪಾಯಿ ಹಿಂದಕ್ಕೆ ಬರುವಂತಿದ್ದರೆ ಅದು ಅಲ್ಲಿ ಉಳಿಯುತ್ತಿತ್ತೆ? “ಬಾಟ್ಲಿ ನಂದು” ಎಂದು ಹೇಳುವವರೊಬ್ಬರು ಬೇಕಾಗಿದ್ದಾರೆ.