ಬಾತು ಇಲ್ಲದ ಚೀನೀ ಹೋಟೆಲು

ತೋರಣಗಲ್ಲಿಗೆ ಹೋದಾಗಲೆಲ್ಲ ತಂಗಿಯ ಮನೆಯಲ್ಲೇ ಊಟ ಮುಗಿಸಿ ಹೊಸಪೇಟೆ ಬಸ್ಸು ಹತ್ತುವುದು ನನ್ನ ವಾಡಿಕೆ. ಅವಳು ಬಡಿಯುವ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಬಿಟ್ಟು ಹೊರಗೆ ತಿನ್ನುವುದು ಬುದ್ಧಿವಂತರ ಕೆಲಸವಲ್ಲ. ಆದರೆ ಈ ಸಲ ಅಳಿಯ ಹಟ ಹಿಡಿದ. "ಮಾಮಾ, ಹತ್ತನೇ ಕ್ಲಾಸ್ ಪರೀಕ್ಷೆ ಮುಗಿದ್ರ ಚೈನೀಸ್ ಕೊಡಿಸ್ತೀನಿ ಅಂದಿದ್ರಿ. ಮರೆತ್ರೇನು?"

ಮಾತು ಕೊಟ್ಟವನು ಸಿಕ್ಕಿಬಿದ್ದೆ. ತಂಗಿ ಒಳಗಿನಿಂದಲೇ ಎಚ್ಚರಿಸಿದಳು: "ಹೋಗ್ರಿ, ಆದ್ರ ಆ ಕೆಂಪು ಬಣ್ಣದ್ದು ತಿನ್ನಿಸಬ್ಯಾಡಣ್ಣ."

ಊರ ಅಂಚಿನಲ್ಲಿ, ಲಾರಿಗಳು ಸಾಲಾಗಿ ನಿಲ್ಲುವ ರಸ್ತೆಯ ಬದಿಗೆ ಆ ಹೋಟೆಲು. ಆರು ಮೇಜು, ತಗಡಿನ ಮಾಡು, ಬೋರ್ಡಿನ ಮೇಲೆ ಬೆಂಕಿಯುಗುಳುವ ಹಾವಿನಂಥ ಪ್ರಾಣಿ. ಕುರ್ಚಿ ಒರೆಸಿ ಕೂರಬೇಕು. ಅಳಿಯ ಎಲ್ಲೋ ಟೀವಿಯಲ್ಲಿ ಚೀನೀ ಅಂಗಡಿಯ ಗಾಜಿನ ಹಿಂದೆ ಸಾಲಾಗಿ ತೂಗುಬಿಟ್ಟ ಹುರಿದ ಬಾತುಗಳನ್ನು ನೋಡಿದ್ದಾನೆ. ಮೆನು ಕಾರ್ಡು ತೆರೆಯದೆಯೇ ಕೇಳಿದ: "ರೋಸ್ಟ್ ಡಕ್ ಐತೇನ್ರಿ?"

ಅಡಿಗೆಯಾತ ಒಲೆಯ ಮುಂದಿನಿಂದ ತಿರುಗಿ ನಕ್ಕ. ಇಪ್ಪತ್ತೆಂಟು, ಮೂವತ್ತರ ಪ್ರಾಯ. "ಬಾತು ಇಲ್ಲ ಸರ್. ಗೋಬಿ ಇದೆ, ನೂಡಲ್ಸ್ ಇದೆ, ಚಿಕನ್ ಇದೆ."

ಅಷ್ಟರಲ್ಲಿ ಪಕ್ಕದ ಮೇಜಿನ ಹುಡುಗರು ಕೂಗಿದರು: "ಏ ಚೀನಾ, ಎರಡು ಗೋಬಿ, ಜಲ್ದಿ!" ಆತ ತಲೆಯಾಡಿಸಿ ಬಾಣಲೆಗೆ ಎಣ್ಣೆ ಸುರಿದ. ಅಳಿಯನೂ ನಕ್ಕ. "ಇಲ್ಲಿ ಎಲ್ಲಾರೂ ಅವಗ ಹಂಗೇ ಕರೀತಾರ ಮಾಮಾ."

ಗಿರಾಕಿಗಳು ತುಸು ಕಡಿಮೆಯಾದ ಮೇಲೆ ಆತನೇ ನಮ್ಮ ಮೇಜಿನ ಹತ್ತಿರ ಬಂದು ನಿಂತ. ಊರು ಯಾವುದಪ್ಪಾ ಎಂದು ಕೇಳಿದೆ. ಡಾರ್ಜಿಲಿಂಗ್. ಮನೆಮಾತು ನೇಪಾಳಿ. ಅಡಿಗೆ ಕಲಿತದ್ದು ಕಲ್ಕತ್ತೆಯ ಟಾಂಗ್ರಾದಲ್ಲಿ, ಒಬ್ಬ ಚೀನೀ ಅಜ್ಜನ ಕೈಕೆಳಗೆ. ಚೀನಾ ದೇಶವನ್ನು ಆತ ಕಂಡವನೇ ಅಲ್ಲ.

"ಹಾಗಾದ್ರೆ ಬಾತು ಹುರಿಯೋದು ನಿಮಗ ಬರ್ತದ?" ಅಳಿಯ ಬಿಡಲಿಲ್ಲ.

"ಬರ್ತದೆ. ಆದ್ರೆ ಎರಡು ದಿನ ಬೇಕು. ಇಲ್ಲಿ ಗಿರಾಕಿ ಹತ್ತು ನಿಮಿಷ ಕಾಯಲ್ಲ."

ಎರಡು ದಿನ ಏಕೆ ಬೇಕು ಎಂಬುದು ವಿಜ್ಞಾನದ ಪಾಠವೇ ಸರಿ. ಬಾತಿನ ಚರ್ಮದ ಕೆಳಗೆ ದಪ್ಪ ಕೊಬ್ಬಿನ ಪದರವಿದೆ. ಮೊದಲು ಚರ್ಮಕ್ಕೂ ಮಾಂಸಕ್ಕೂ ನಡುವೆ ಗಾಳಿ ಊದಿ ಎರಡನ್ನೂ ಬೇರೆ ಮಾಡುತ್ತಾರೆ. ಮೇಲೆ ಕುದಿನೀರು ಸುರಿದರೆ ಚರ್ಮ ಬಿಗಿಯುತ್ತದೆ. ಆಮೇಲೆ ಮೊಳಕೆ ಧಾನ್ಯದಿಂದ ತೆಗೆದ ಮಾಲ್ಟೋಸ್ ಪಾಕ ಸವರಿ, ಗಾಳಿಯಾಡುವ ಕಡೆ ಗಂಟೆಗಟ್ಟಲೆ, ಕೆಲವೊಮ್ಮೆ ಇಡೀ ರಾತ್ರಿ ತೂಗುಹಾಕುತ್ತಾರೆ. ಚರ್ಮದಲ್ಲಿ ನೀರಿರುವ ತನಕ ಅದರ ಬಿಸಿ 100 ಡಿಗ್ರಿ ದಾಟುವುದು ಕಷ್ಟ. ಕೆಂಗಂದು ಬಣ್ಣ ಹತ್ತಲು ಸುಮಾರು 140 ಡಿಗ್ರಿಯಾದರೂ ಬೇಕು. ಆದ್ದರಿಂದ ಮೊದಲು ಒಣಗಬೇಕು, ಆಮೇಲೆ ಒಲೆ. ಸಕ್ಕರೆ ಅಂಶವೂ ಪ್ರೋಟೀನಿನ ಅಂಶವೂ ಶಾಖದಲ್ಲಿ ಕೂಡಿದಾಗ ಆ ಬಣ್ಣ, ಆ ಘಮ ಹುಟ್ಟುತ್ತದೆ. ನಮ್ಮ ರೊಟ್ಟಿಯ ಮೇಲೆ ಹಂಚು ಬರೆಯುವ ಕಂದು ಚುಕ್ಕೆಗಳೂ ಇದೇ ವಂಶದವು.

ಬೀಜಿಂಗಿನಲ್ಲಿ 1864ರಲ್ಲಿ ಶುರುವಾದ ಕ್ವಾನ್‌ಜುದೆ ಎಂಬ ಹೋಟೆಲು ಬಾತನ್ನು ತೆರೆದ ಒಲೆಯಲ್ಲಿ ತೂಗುಬಿಟ್ಟು, ಹಣ್ಣಿನ ಮರದ ಸೌದೆಯ ಉರಿಯಲ್ಲಿ ಹುರಿಯುವುದಕ್ಕೆ ಹೆಸರಾಯಿತು. ಮಾಂಸವನ್ನು ತೆಳ್ಳಗೆ ಸೀಳಿ, ಈರುಳ್ಳಿ ಸೊಪ್ಪು, ಸಿಹಿ ಗೊಜ್ಜಿನ ಜೊತೆ ತೆಳು ರೊಟ್ಟಿಯಲ್ಲಿ ಸುತ್ತಿ ತಿನ್ನುತ್ತಾರಂತೆ. ರೊಟ್ಟಿಯಲ್ಲಿ ಪಲ್ಯ ಸುತ್ತಿ ತಿನ್ನುವ ನಮಗೆ ಇದೇನು ಹೊಸದಲ್ಲ ಬಿಡಿ.

ಬಾತಿಗೂ ನಮಗೂ ಪರಿಚಯವಿಲ್ಲವೆಂದಲ್ಲ. ಕಂಪ್ಲಿ, ಗಂಗಾವತಿ ಕಡೆ ಭತ್ತದ ಕೊಯ್ಲಾದ ಮೇಲೆ ಗದ್ದೆಗಳಲ್ಲಿ ಬಾತಿನ ಹಿಂಡು ಮೇಯಿಸುವವರನ್ನು ನೀವೂ ನೋಡಿರಬಹುದು. ಉದುರಿದ ಕಾಳು, ಹುಳು, ಬಸವನಹುಳು ತಿಂದು ಅವು ಮೊಟ್ಟೆ ಇಡುತ್ತವೆ. ಬೀಜಿಂಗಿನ ಹೆಸರೇ ಹೊತ್ತ ವೈಟ್ ಪೆಕಿನ್ ಎಂಬ ಬಿಳಿಯ ಮಾಂಸದ ತಳಿ ನಮ್ಮ ಬೆಂಗಳೂರಿನ ಹತ್ತಿರದ ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿ ಸಂಸ್ಥೆಗೂ ಬಂದಿದೆ.

ಈಗ ನಮ್ಮ ತಟ್ಟೆಗೆ ಬರೋಣ. ಗೋಬಿ ಬಂತು. ಕಂದು ಬಣ್ಣ. ಅಳಿಯ ಮುಖ ಸಣ್ಣ ಮಾಡಿದ. "ಕೆಂಪಗೆ ಇಲ್ಲಲ್ಲ?"

ಆತ ಹೇಳಿದ: "ಬಣ್ಣ ಹಾಕಲ್ಲ ತಮ್ಮಾ. ಸೋಯಾ ಸಾಸ್ ಬಣ್ಣ ಇಷ್ಟೇ. ದಿನಾ ನಾಲ್ಕು ಪ್ಲೇಟ್ ವಾಪಸ್ ಬರ್ತದೆ, ಕೆಂಪಿಲ್ಲ ಅಂತ."

ಅವನ ಮಾತು ಮುಗಿಯುವುದರೊಳಗೆ ಪಕ್ಕದ ಮೇಜಿನಿಂದ ಐದನೆಯದೂ ವಾಪಸಾಯಿತು.

2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದ್ದು ನಿಮಗೆ ನೆನಪಿರಬೇಕು. ಆಗ ಪರೀಕ್ಷಿಸಿದ 171 ಗೋಬಿ ಮಾದರಿಗಳಲ್ಲಿ 107 ಸುರಕ್ಷಿತವಲ್ಲವೆಂದು ಬಂತು. ಟಾರ್ಟ್ರಾಜಿನ್, ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್‌ನಂಥ ಬಣ್ಣಗಳು ಅದರಲ್ಲಿದ್ದವು. ಬಾಂಬೆ ಮಿಠಾಯಿಯಲ್ಲಿ ರೋಡಮಿನ್-ಬಿ ಎಂಬ ಬಟ್ಟೆಗೆ ಹಾಕುವ ಬಣ್ಣವೇ ಸಿಕ್ಕಿತು. ನಾವು ಸಾಮಾನ್ಯವಾಗಿ ಗಾಡಿಯವನನ್ನು ಬೈಯುತ್ತೇವೆ. ತಪ್ಪು ಅವನದೂ ಹೌದು. ಆದರೆ ಬಣ್ಣ ಹಾಕದವನ ತಟ್ಟೆಯನ್ನು ಹಿಂದಕ್ಕೆ ಕಳಿಸುವವರು ಯಾರು? ಬಾತಿಗೆ ಬಣ್ಣ ಬರುವುದು ಕಾದದ್ದಕ್ಕೆ. ಗೋಬಿಗೆ ಬಣ್ಣ ಬರುವುದು ಕಾಯಲಾರದ್ದಕ್ಕೆ.

ಇನ್ನು ಈ ಗೋಬಿ ಮಂಚೂರಿ ಚೀನಾದ್ದೇ ಅಲ್ಲ. ಕಲ್ಕತ್ತೆಯಲ್ಲಿ ಹುಟ್ಟಿದ ಚೀನೀ ಮೂಲದ ನೆಲ್ಸನ್ ವಾಂಗ್ ಎಂಬ ಬಾಣಸಿಗರು 1975ರಲ್ಲಿ ಮುಂಬಯಿಯ ಕ್ರಿಕೆಟ್ ಕ್ಲಬ್‌ನಲ್ಲಿ ಬೆಳ್ಳುಳ್ಳಿ, ಶುಂಠಿ, ಹಸಿಮೆಣಸಿನಕಾಯಿಯ ನಮ್ಮ ಒಗ್ಗರಣೆಗೆ ಸೋಯಾ ಸಾಸ್ ಕೂಡಿಸಿ ಚಿಕನ್ ಮಂಚೂರಿ ಮಾಡಿದರು ಎನ್ನುತ್ತಾರೆ. ಕೋಳಿಯ ಜಾಗಕ್ಕೆ ಹೂಕೋಸು ಬಂದದ್ದು ಆಮೇಲೆ.

ಹೀಗೆ ಚೀನಾದ್ದಲ್ಲದ್ದನ್ನು ಚೀನಾದ್ದೆನ್ನುವ ನಾವು, ನಿಜವಾಗಿ ಚೀನಾದಿಂದ ಬಂದದ್ದನ್ನು ಮರೆತಿದ್ದೇವೆ. ನಮ್ಮ ಹಳೆಯ ಕಾವ್ಯಗಳಲ್ಲಿ ರೇಷ್ಮೆ ಬಟ್ಟೆಗೆ ಚೀನಾಂಬರ ಎಂಬ ಹೆಸರಿದೆ. ಇಲ್ಲಿಂದ ಬಸ್ಸಿನ ದಾರಿಯಲ್ಲಿರುವ ಹಂಪಿಯ ಉತ್ಖನನದಲ್ಲಿ ಚೀನಾದ ಪಿಂಗಾಣಿ ಚೂರುಗಳು ಸಿಕ್ಕಿವೆ. ಇತ್ತ ಸಂಡೂರು ಗುಡ್ಡಗಳ ಕೆಂಪು ಅದಿರು 2008ರ ಬೀಜಿಂಗ್ ಒಲಿಂಪಿಕ್ಸಿನ ಹಿಂದುಮುಂದಿನ ವರ್ಷಗಳಲ್ಲಿ ಹಡಗು ಹತ್ತಿ ಅಲ್ಲಿಗೆ ಹೋಯಿತು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ರಫ್ತು ತಡೆಯಿತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ನಮ್ಮ ಮನೆಗಳ ಮೇಲೆ ಕೂತ ಧೂಳು ಮಾತ್ರ ಇಲ್ಲೇ ಉಳಿಯಿತು.

ಅಳಿಯ ತಿನ್ನುವುದನ್ನು ನಿಲ್ಲಿಸಿ ಕೇಳಿದ: "ಕಲ್ಕತ್ತಾದಾಗ ಚೀನಾದವರು ಹೆಂಗ ಬಂದ್ರು ಮಾಮಾ?"

ವಾರನ್ ಹೇಸ್ಟಿಂಗ್ಸನ ಕಾಲದಲ್ಲಿ ಟಾಂಗ್ ಅಚ್ಯೂ ಎಂಬಾತ ಕಲ್ಕತ್ತೆಯ ಹತ್ತಿರ ಜಮೀನು ಪಡೆದು ಸಕ್ಕರೆ ಗಿರಣಿ ಹಾಕಿದ. ಆ ಊರು ಇಂದಿಗೂ ಅಚಿಪುರ. ಆಮೇಲೆ ಬಂದ ಹಕ್ಕಾ ಜನ ಟಾಂಗ್ರಾದಲ್ಲಿ ಚರ್ಮ ಹದಮಾಡುವ ಕಾರ್ಖಾನೆ ನಡೆಸಿದರು. 1996ರಲ್ಲಿ ಅವನ್ನು ಊರಾಚೆ ಸಾಗಿಸುವಂತೆ ಸುಪ್ರೀಂ ಕೋರ್ಟು ಆದೇಶಿಸಿದ ಮೇಲೆ ಅಲ್ಲಿ ಹೋಟೆಲುಗಳೇ ಹೆಚ್ಚಾದವು. ಆದರೆ ನಡುವೆ 1962 ಇದೆ. ಚೀನಾದೊಡನೆ ಯುದ್ಧವಾದಾಗ, ಅಸ್ಸಾಂ, ಡಾರ್ಜಿಲಿಂಗ್, ಶಿಲ್ಲಾಂಗ್ ಕಡೆಗಳಲ್ಲಿ ಹುಟ್ಟಿ ಬೆಳೆದ ಚೀನೀ ಮೂಲದ ಸುಮಾರು 3,000 ಜನರನ್ನು, ಮಕ್ಕಳು ಮುದುಕರೆನ್ನದೆ, ರಾಜಸ್ಥಾನದ ದೇವಲಿಯ ಶಿಬಿರದಲ್ಲಿ ಕೂಡಿಹಾಕಿದರು. ಕೆಲವರು ವರ್ಷಗಟ್ಟಲೆ ಅಲ್ಲೇ ಇದ್ದರು. ಅವರು ಮಾಡಿದ ತಪ್ಪು ಅವರ ಮುಖ, ಅವರ ಹೆಸರು.

"ನಮ್ಮ ಅಜ್ಜ ಉಸ್ತಾದ್ ಕೂಡ ಅಲ್ಲಿದ್ರು," ಎಂದ ಅಡಿಗೆಯಾತ. "ಆಗ ಅವರಿಗೆ ಇವನ ವಯಸ್ಸು." ಅಷ್ಟು ಹೇಳಿ ಒಲೆಯ ಕಡೆ ಹೋದ. 2020ರಲ್ಲಿ ಕೊರೊನಾ ಬಂದಾಗ ಈಶಾನ್ಯ ರಾಜ್ಯಗಳ ಹುಡುಗ ಹುಡುಗಿಯರನ್ನು ನಮ್ಮ ನಗರಗಳಲ್ಲಿ ಏನೆಂದು ಕರೆದರು ಎಂಬುದನ್ನು ನಾನು ಅಳಿಯನಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಅವನ ಕಿವಿ ಕೆಂಪಾಗಿತ್ತು.

ತಾಯ್ತಂದೆಯರೇ, ಮಕ್ಕಳನ್ನು ಹೋಟೆಲಿಗೆ ಕರೆದೊಯ್ಯುವುದೇನೂ ತಪ್ಪಲ್ಲ. ತಿನ್ನುವ ಮೊದಲು ಬಣ್ಣ ಎಲ್ಲಿಂದ ಬಂತೆಂದು ಕೇಳಲು ಕಲಿಸಿ. ತಿಂದ ಮೇಲೆ ಬಡಿಸಿದವನ ಹೆಸರು ಕೇಳಲೂ ಕಲಿಸಿ.

ದುಡ್ಡು ಕೊಟ್ಟು ಎದ್ದೆವು. ಅಳಿಯ ತಟ್ಟೆಯಲ್ಲಿ ಒಂದು ತುಣುಕೂ ಬಿಟ್ಟಿರಲಿಲ್ಲ. ಬಾಗಿಲ ತನಕ ಹೋದವನು ತಿರುಗಿ ಒಲೆಯ ಹತ್ತಿರ ನಡೆದ. ಏನು ಮಾತಾಡಿದನೋ ಬಾಣಲೆಯ ಸದ್ದಿನಲ್ಲಿ ಕೇಳಲಿಲ್ಲ. ಹೊರಗೆ ಬಂದು ಹೇಳಿದ: "ಎರಡು ದಿನ ಮೊದಲ ಹೇಳಿದ್ರ ಬಾತು ಮಾಡಿಕೊಡ್ತಾರಂತ ಮಾಮಾ, ಆ ಅಣ್ಣ. ರಿಸಲ್ಟ್ ಬಂದ ಮ್ಯಾಲ ಬರೋಣೇನು?"

ಬಾತು ಎಲ್ಲಿಂದ ತರುವುದು ಎಂಬ ಚಿಂತೆ ಈಗ ನನ್ನ ತಲೆಗೆ ಬಿದ್ದಿದೆ. ಕಂಪ್ಲಿ ಕಡೆ ಹೋಗಿ ವಿಚಾರಿಸಬೇಕು.