ಪಂಚಾಂಗದ ಮೇಲಿದ್ದ ಹೆಬ್ಬೆರಳ ಗುರುತು

ಮಕ್ಕಳು ಅಂಗೈ ಬಿಡಿಸಿಕೊಂಡು ಬೆರಳ ತುದಿಯಲ್ಲಿ ಎಷ್ಟು ಚಕ್ರ, ಎಷ್ಟು ಶಂಖ ಎಂದು ಎಣಿಸುವುದು ನಮ್ಮಲ್ಲಿ ಹಳೆಯ ಆಟ. ಹತ್ತೂ ಬೆರಳಲ್ಲಿ ಚಕ್ರವಿದ್ದರೆ ರಾಜಯೋಗ ಎಂದು ಅಜ್ಜಿಯರು ಹೇಳುವುದುಂಟು. ರಾಜಯೋಗದ ಮಾತು ಹಾಗಿರಲಿ. ಇದೇ ಚಕ್ರಗಳನ್ನು ಎಣಿಸಿ, ಅದಕ್ಕೊಂದು ಲೆಕ್ಕ ಕಟ್ಟಿ, ಸಾವಿರಾರು ಜನರ ನಡುವಿನಿಂದ ಒಬ್ಬನನ್ನು ಗುರುತಿಸಿ ತೆಗೆಯುವ ಪದ್ಧತಿ ರೂಪುಗೊಂಡದ್ದು ನಮ್ಮ ದೇಶದಲ್ಲೇ, ಅಂದಿನ ಕಲ್ಕತ್ತೆಯಲ್ಲಿ ಎಂಬುದು ಎಷ್ಟು ವಿದ್ಯಾರ್ಥಿಗಳಿಗೆ ಗೊತ್ತು?

ಕಥೆ ಆರಂಭವಾಗುವುದು 1858ರಲ್ಲಿ. ಬಂಗಾಳದ ಜಂಗಿಪುರದಲ್ಲಿ ಅಧಿಕಾರಿಯಾಗಿದ್ದ ವಿಲಿಯಂ ಹರ್ಷೆಲ್, ರಸ್ತೆ ಕೆಲಸದ ಸಾಮಗ್ರಿ ಒದಗಿಸಲು ಒಪ್ಪಿದ ರಾಜ್ಯಧರ ಕೊನಾಯ್ ಎಂಬ ಗುತ್ತಿಗೆದಾರನ ಅಂಗೈಗೆ ಮಸಿ ಬಳಿದು ಕರಾರುಪತ್ರದ ಹಿಂಬದಿಗೆ ಒತ್ತಿಸಿಕೊಂಡರು. ನಾಳೆ ಆತ ‘ಈ ರುಜು ನನ್ನದಲ್ಲ’ ಎನ್ನದಿರಲಿ ಎಂಬುದಷ್ಟೇ ಆಗಿನ ಉದ್ದೇಶ. ಮುಂದೆ ಹಲವು ವರ್ಷ ಅಚ್ಚುಗಳನ್ನು ಸಂಗ್ರಹಿಸಿ ನೋಡಿದಾಗ ವಯಸ್ಸಾದರೂ ಬೆರಳ ಗೆರೆಗಳು ಬದಲಾಗುವುದಿಲ್ಲ ಎಂದು ಅವರಿಗೆ ಮನವರಿಕೆಯಾಯಿತು. ಅತ್ತ ಟೋಕಿಯೋದಲ್ಲಿದ್ದ ವೈದ್ಯ ಹೆನ್ರಿ ಫೌಲ್ಡ್ಸ್, ಅಪರಾಧಿಗಳು ಬಿಟ್ಟುಹೋದ ಬೆರಳ ಗುರುತಿನಿಂದಲೇ ಅವರನ್ನು ಹಿಡಿಯಬಹುದೆಂದು 1880ರಲ್ಲಿ ‘ನೇಚರ್’ ಪತ್ರಿಕೆಗೆ ಬರೆದರು. ಇಬ್ಬರ ಬೆರಳಚ್ಚು ಒಂದೇ ಆಗುವ ಸಂಭವ 6,400 ಕೋಟಿಗೆ ಒಂದು ಎಂದು ಫ್ರಾನ್ಸಿಸ್ ಗಾಲ್ಟನ್ 1892ರಲ್ಲಿ ಲೆಕ್ಕ ಹಾಕಿದರು. ತಾಯಿಯ ಗರ್ಭದಲ್ಲಿ ಮೂರು-ನಾಲ್ಕು ತಿಂಗಳ ಹೊತ್ತಿಗೇ ಮೂಡುವ ಈ ಗೆರೆಗಳು ಒಂದೇ ರೂಪಿನ ಅವಳಿ ಮಕ್ಕಳಲ್ಲೂ ಬೇರೆ ಬೇರೆಯಾಗಿರುತ್ತವೆ.

ಎಲ್ಲ ಸರಿ, ಆದರೆ ಹುಡುಕುವುದು ಹೇಗೆ? ಹಳೆಯ ಕಳ್ಳನೊಬ್ಬ ಹೊಸ ಹೆಸರು ಹೇಳಿಕೊಂಡು ಬಂದಿದ್ದಾನೆ. ಪೊಲೀಸರ ಬಳಿ ಸಾವಿರಾರು ಜನರ ಅಚ್ಚುಗಳಿವೆ. ಒಂದೊಂದನ್ನೇ ಹೋಲಿಸುತ್ತ ಕೂತರೆ ವರ್ಷ ಕಳೆಯುತ್ತದೆ. ನಿಘಂಟಿನಲ್ಲಿ ಅಕ್ಷರಾನುಕ್ರಮ ಇರುವಂತೆ ಬೆರಳಿಗೂ ಒಂದು ಕ್ರಮ ಬೇಕಿತ್ತು. ಬಂಗಾಳದ ಪೊಲೀಸ್ ಮುಖ್ಯಸ್ಥರಾಗಿದ್ದ ಎಡ್ವರ್ಡ್ ಹೆನ್ರಿ ಅವರ ಕೈಕೆಳಗೆ ಈ ಗಂಟನ್ನು ಬಿಡಿಸಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಸಬ್ ಇನ್ಸ್‌ಪೆಕ್ಟರುಗಳು. ಹಕ್ ಗಣಿತ ಓದಿದ್ದವರು.

ಅವರ ಲೆಕ್ಕವನ್ನು ನೀವು ಮನೆಯಲ್ಲೇ ಮಾಡಿ ನೋಡಬಹುದು. ಬಲಗೈ ಹೆಬ್ಬೆರಳಿಗೆ 1, ತೋರುಬೆರಳಿಗೆ 2, ಹೀಗೆ ಕಿರುಬೆರಳಿಗೆ 5. ಎಡಗೈ ಹೆಬ್ಬೆರಳಿಗೆ 6, ಅಲ್ಲಿಂದ ಕಿರುಬೆರಳಿಗೆ 10. ಈಗ ಎರಡೆರಡು ಬೆರಳನ್ನು ಜೋಡಿ ಮಾಡಿ. ಮೊದಲ ಜೋಡಿಯ ಬೆರಳಲ್ಲಿ ಚಕ್ರವಿದ್ದರೆ ಆ ಬೆರಳಿಗೆ 16 ಅಂಕ. ನಂತರದ ಜೋಡಿಗಳಿಗೆ ಕ್ರಮವಾಗಿ 8, 4, 2, 1. ಚಕ್ರವಿಲ್ಲದ ಬೆರಳಿಗೆ ಸೊನ್ನೆ. ಸಮಸಂಖ್ಯೆಯ ಬೆರಳುಗಳ ಅಂಕ ಕೂಡಿ ಒಂದು ಸೇರಿಸಿದರೆ ಭಿನ್ನರಾಶಿಯ ಅಂಶ. ಬೆಸಸಂಖ್ಯೆಯ ಬೆರಳುಗಳ ಅಂಕ ಕೂಡಿ ಒಂದು ಸೇರಿಸಿದರೆ ಛೇದ. ಎರಡೂ ಹೆಬ್ಬೆರಳಲ್ಲಿ ಮಾತ್ರ ಚಕ್ರವಿದ್ದವನ ಸಂಖ್ಯೆ 5/17. ಒಂದೂ ಚಕ್ರವಿಲ್ಲದವನದು 1/1, ಹತ್ತೂ ಚಕ್ರವಿದ್ದ ರಾಜಯೋಗದವನದು 32/32! ಹೀಗೆ 32ನ್ನು 32ರಿಂದ ಗುಣಿಸಿದಷ್ಟು, ಅಂದರೆ 1,024 ಗೂಡುಗಳು. ಬಂದವನ ಸಂಖ್ಯೆ ಕಂಡುಹಿಡಿದು ಆ ಗೂಡಿನ ಕಾಗದಗಳನ್ನಷ್ಟೇ ನೋಡಿದರೆ ಸಾಕು. 1897ರಲ್ಲಿ ಕಲ್ಕತ್ತೆಯಲ್ಲಿ ಜಗತ್ತಿನ ಮೊದಲ ಬೆರಳಚ್ಚು ಕಚೇರಿ ಶುರುವಾಯಿತು. 1901ರಲ್ಲಿ ಹೆನ್ರಿ ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡ್‌ಗೆ ಹೋದಾಗ ಪದ್ಧತಿಯೂ ಅವರ ಜೊತೆ ಹೋಯಿತು. ಲೋಕವೆಲ್ಲ ಅದನ್ನು ‘ಹೆನ್ರಿ ಪದ್ಧತಿ’ ಎಂದೇ ಕರೆಯಿತು. ಹಕ್ ಅವರಿಗೆ ಖಾನ್ ಬಹದ್ದೂರ್, ಬೋಸ್ ಅವರಿಗೆ ರಾಯ್ ಬಹದ್ದೂರ್ ಬಿರುದುಗಳು ಬಂದವು. ತನ್ನ ಸಿಬ್ಬಂದಿಯಲ್ಲಿ ಹಕ್ ಅವರ ಕೊಡುಗೆಯೇ ಹೆಚ್ಚು ಎಂದು ಹೆನ್ರಿ ಮುಂದೆ ಒಪ್ಪಿಕೊಂಡರಾದರೂ ಹೆಸರು ಬದಲಾಗಲಿಲ್ಲ.

ಕಚೇರಿ ಶುರುವಾದ ವರ್ಷವೇ ಪರೀಕ್ಷೆ ಎದುರಾಯಿತು. ಆಗಸ್ಟ್ ತಿಂಗಳಲ್ಲಿ ಜಲ್ಪಾಯ್‌ಗುರಿ ಜಿಲ್ಲೆಯ ಚಹಾತೋಟವೊಂದರ ಮ್ಯಾನೇಜರು ಹಾಸಿಗೆಯಲ್ಲೇ ಕೊಲೆಯಾಗಿದ್ದರು, ಹಣ ಕಳುವಾಗಿತ್ತು. ಅನುಮಾನಕ್ಕೆ ಬರವಿರಲಿಲ್ಲ. ಯಜಮಾನನ ಮೇಲೆ ಸಿಟ್ಟಿದ್ದ ಕೂಲಿಗಳಿದ್ದರು, ಸುತ್ತಮುತ್ತ ಅಲೆಯುತ್ತಿದ್ದ ಕಾಬೂಲಿಗಳಿದ್ದರು. ಅಡುಗೆಯವನ ಬಟ್ಟೆಯ ಮೇಲಂತೂ ರಕ್ತದ ಕಲೆಯೇ ಇತ್ತು. ಸಾಹೇಬರ ಊಟಕ್ಕೆ ಪಾರಿವಾಳ ಕೊಯ್ದದ್ದು ಎಂದ. ಅವನ ಮಾತನ್ನು ನಂಬುವವರು ಯಾರು? ಲಾಠಿಯಿಂದಲೇ ತನಿಖೆ ನಡೆಯುವ ಠಾಣೆಯಾಗಿದ್ದರೆ ಅಡುಗೆಯವನ ಕಥೆ ಏನಾಗುತ್ತಿತ್ತೋ!

ಕಾಗದಪತ್ರಗಳ ಪೆಟ್ಟಿಗೆಯಲ್ಲಿ ಒಂದು ಬಂಗಾಳಿ ಪಂಚಾಂಗ ಸಿಕ್ಕಿತು. ಅದರ ತಿಳಿನೀಲಿ ಹೊದಿಕೆಯ ಮೇಲೆ ಕಂದುಬಣ್ಣದ ಎರಡು ಮಸುಕು ಕಲೆಗಳು. ಒಂದರಲ್ಲಿ ಬೆರಳ ಗೆರೆಗಳು ಕಾಣಿಸಿದವು. ಕಲ್ಕತ್ತೆಯ ಗೂಡುಗಳಲ್ಲಿ ಹುಡುಕಿದಾಗ ಅದು ಕಾಂಗಾಲಿ ಚರಣ ಎಂಬವನ ಬಲಗೈ ಹೆಬ್ಬೆರಳಿಗೆ ಹೊಂದಿತು. ಆತ ಹಿಂದೆ ಅದೇ ಮ್ಯಾನೇಜರ ಮನೆಯಲ್ಲಿ ಆಳಾಗಿದ್ದು, ಕಳ್ಳತನಕ್ಕೆ ಜೈಲಿಗೆ ಹೋಗಿ ಬಂದಿದ್ದವನು. ಕಲೆ ರಕ್ತದ್ದೆಂದು ರಸಾಯನ ಪರೀಕ್ಷಕರೂ ಹೇಳಿದರು.

ಇಷ್ಟಾದ ಮೇಲೆ ಗಲ್ಲು ಖಂಡಿತ ಎಂದು ನೀವು ಊಹಿಸಿರಬಹುದು. 1898ರಲ್ಲಿ ನ್ಯಾಯಾಲಯ ಅವನಿಗೆ ಶಿಕ್ಷೆ ವಿಧಿಸಿದ್ದು ಕಳ್ಳತನಕ್ಕೆ ಮಾತ್ರ. ಕೊಲೆಯ ಆರೋಪದಿಂದ ಬಿಟ್ಟಿತು. ರಕ್ತ ಹತ್ತಿದ ಹೆಬ್ಬೆರಳಿಂದ ಆತ ಪಂಚಾಂಗವನ್ನು ಮುಟ್ಟಿದ್ದು ನಿಜ. ಆದ್ದರಿಂದ ಆ ಪೆಟ್ಟಿಗೆಗೆ ಕೈಹಾಕಿದ್ದೂ ನಿಜ. ಆದರೆ ಕತ್ತಿ ಹಿಡಿದವನೂ ಅವನೇ ಎಂದು ಹೇಳಲು, ಕಣ್ಣಾರೆ ಕಂಡವರಿಲ್ಲದೆ, ಆ ಗುರುತೊಂದೇ ಸಾಲದು ಎನಿಸಿತು. ಕೊಲೆಗಾರ ತಪ್ಪಿಸಿಕೊಂಡ ಎಂದು ಕೆಲವರು ಗೊಣಗಿಯಾರು. ನನಗಂತೂ ಆ ತೀರ್ಪು, ಆ ಹೆಬ್ಬೆರಳ ಗುರುತಿನಷ್ಟೇ ದೊಡ್ಡದಾಗಿ ಕಾಣುತ್ತದೆ. ಬೆರಳಚ್ಚು ಹೇಳುವುದು ‘ಮುಟ್ಟಿದವರು ಯಾರು’ ಎಂಬುದನ್ನು. ಯಾವಾಗ, ಏಕೆ, ಮುಟ್ಟಿದ ಮೇಲೆ ಏನು ಮಾಡಿದ ಎಂಬುದನ್ನೆಲ್ಲ ಬೇರೆ ಸಾಕ್ಷ್ಯಗಳಿಂದ ತಿಳಿಯಬೇಕು. 1899ರಲ್ಲಿ ಸಾಕ್ಷ್ಯ ಕಾಯಿದೆಗೆ ತಿದ್ದುಪಡಿಯಾಗಿ ಬೆರಳಚ್ಚು ತಜ್ಞರ ಅಭಿಪ್ರಾಯಕ್ಕೆ ನ್ಯಾಯಾಲಯದಲ್ಲಿ ಸ್ಥಾನ ಸಿಕ್ಕಿತು.

ಕಣ್ಣಿಗೆ ಕಾಣದ ಗುರುತನ್ನು ಎಬ್ಬಿಸುವ ಉಪಾಯಗಳು ಆಮೇಲೆ ಬೆಳೆದವು. ಗಾಜು, ಲೋಹದ ಮೇಲಾದರೆ ನುಣ್ಣನೆಯ ಪುಡಿ ಉದುರಿಸಿ ಕುಂಚದಿಂದ ಸವರುತ್ತಾರೆ. ಕಾಗದದ ಮೇಲಾದರೆ ನಿನ್‌ಹೈಡ್ರಿನ್ ಎಂಬ ರಾಸಾಯನಿಕ ಬೇಕು. ಬೆವರಿನಲ್ಲಿರುವ ಅಮೈನೋ ಆಮ್ಲಗಳ ಜೊತೆ ಸೇರಿ ಅದು ನೇರಳೆಬಣ್ಣ ತಾಳುತ್ತದೆ. ಪ್ಲಾಸ್ಟಿಕ್ ಚೀಲವಾದರೆ ಅಂಟಿನ ಹೊಗೆ ಹಾಯಿಸುತ್ತಾರೆ. ಚಪ್ಪಲಿ ಮುರಿದಾಗ ಅಂಗಡಿಯಿಂದ ತರುವ ಆ ಕ್ಷಣದ ಅಂಟೇ! ಅದರ ಆವಿ ಗೆರೆಗಳ ಮೇಲೆ ಬಿಳಿಯಾಗಿ ಕೂರುತ್ತದೆ.

‘ಮುಟ್ಟಿದವರು ಯಾರು’ ಎಂಬ ಉತ್ತರವಾದರೂ ಎಂದೂ ತಪ್ಪುವುದಿಲ್ಲವೆ? 2004ರ ಮಾರ್ಚ್‌ನಲ್ಲಿ ಸ್ಪೇನಿನ ಮ್ಯಾಡ್ರಿಡ್‌ನಲ್ಲಿ ರೈಲುಗಳಲ್ಲಿ ಬಾಂಬು ಸ್ಫೋಟಿಸಿ 190ಕ್ಕೂ ಹೆಚ್ಚು ಜನ ಸತ್ತರು. ಸ್ಫೋಟಕದ ಸಾಮಗ್ರಿಯಿದ್ದ ಪ್ಲಾಸ್ಟಿಕ್ ಚೀಲದ ಮೇಲೊಂದು ಗುರುತು ಸಿಕ್ಕಿತು. ಅಮೆರಿಕದ ಎಫ್‌ಬಿಐ ಕಂಪ್ಯೂಟರಿಗೆ ಅದನ್ನು ಕೊಟ್ಟಾಗ, ಹೋಲುವಂಥ 20 ಹೆಸರುಗಳ ಪಟ್ಟಿ ಬಂತು. ಅವುಗಳಲ್ಲಿ ಒರೆಗಾನ್ ರಾಜ್ಯದ ವಕೀಲರೊಬ್ಬರ ಹೆಸರೂ ಇತ್ತು. ತಜ್ಞರು ಒಬ್ಬರ ನಂತರ ಒಬ್ಬರು ‘ಅವರದೇ’ ಎಂದರು. ನ್ಯಾಯಾಲಯ ನೇಮಿಸಿದ ಬೇರೊಬ್ಬ ತಜ್ಞರೂ ಹೌದೆಂದರು. ವಕೀಲರು ಎರಡು ವಾರ ಬಂಧನದಲ್ಲಿದ್ದರು. ಸ್ಪೇನಿನ ಪೊಲೀಸರು ಮಾತ್ರ ಒಪ್ಪಿರಲಿಲ್ಲ. ಕೊನೆಗೆ ಗುರುತು ಅಲ್ಜೀರಿಯಾದವನೊಬ್ಬನದೆಂದು ಅವರೇ ಕಂಡುಹಿಡಿದರು. ಎಫ್‌ಬಿಐ ಕ್ಷಮೆ ಕೇಳಿತು. ಅಮೆರಿಕ ಸರ್ಕಾರ 20 ಲಕ್ಷ ಡಾಲರ್ ಪರಿಹಾರ ಕೊಟ್ಟಿತು. ಗೆರೆಗಳು ಸುಳ್ಳು ಹೇಳಿರಲಿಲ್ಲ. ಮಸುಕಾದ ಗುರುತಿನಲ್ಲಿ ಮೊದಲ ತಜ್ಞ ಕಂಡದ್ದನ್ನೇ ಉಳಿದವರೂ ಕಂಡಿದ್ದರು.

ನಮ್ಮಲ್ಲಿ 2022ರಿಂದ ದೇಶದ ಬೆರಳಚ್ಚುಗಳನ್ನು ಒಂದೇ ಕಂಪ್ಯೂಟರ್ ಜಾಲದಲ್ಲಿ ಹುಡುಕುವ ವ್ಯವಸ್ಥೆಯಿದೆ. 2024ರ ಜುಲೈ 1ರಿಂದ ಜಾರಿಯಾದ ಹೊಸ ಕಾನೂನಿನ ಪ್ರಕಾರ, ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧ ನಡೆದ ಜಾಗಕ್ಕೆ ವಿಧಿವಿಜ್ಞಾನ ತಜ್ಞರು ಹೋಗಲೇಬೇಕು. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದ ಅವಕಾಶ ಕೊಡಲಾಗಿದೆ. ಆದ್ದರಿಂದ ಓದಿದವರಿಗೆ ಕೆಲಸವಿದೆ. ಬೆಂಗಳೂರಿನ ಮಡಿವಾಳದಲ್ಲಿ ರಾಜ್ಯದ ವಿಧಿವಿಜ್ಞಾನ ಪ್ರಯೋಗಾಲಯವಿದೆ. ಗುಜರಾತಿನ ಗಾಂಧಿನಗರದ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಒಂದು ಶಾಖೆ ನಮ್ಮ ಧಾರವಾಡದಲ್ಲೇ ಇದೆ. ‘ಇದು ಪೊಲೀಸ್ ಕೆಲಸವೆ?’ ಎಂದು ಗಾಬರಿಯಾಗುವ ತಂದೆತಾಯಿಯರಿಗೊಂದು ಮಾತು: ಕಳ್ಳನ ಹಿಂದೆ ಓಡುವ ಕೆಲಸ ಇದಲ್ಲ. ಭೌತ, ರಸಾಯನ, ಜೀವವಿಜ್ಞಾನ ಚೆನ್ನಾಗಿ ಓದಿ ಪ್ರಯೋಗಾಲಯದಲ್ಲಿ ಕೂರುವ ಕೆಲಸ. ಆಮೇಲೆ ವರದಿ ಹಿಡಿದು ನ್ಯಾಯಾಲಯಕ್ಕೂ ಹೋಗಬೇಕು. ವಕೀಲರ ಪಾಟೀಸವಾಲಿಗೆ ಬೆವರದೆ ಉತ್ತರ ಹೇಳಬೇಕು. ಚರ್ಚಾಸ್ಪರ್ಧೆಗೆ ಓಡುವ ಮಕ್ಕಳನ್ನು ‘ಓದು ಬಿಟ್ಟು ಮಾತು ಕಲಿತಿದ್ದಾನೆ’ ಎಂದು ಗದರುವವರು ಇದನ್ನೂ ಗಮನಿಸಬಹುದು.